ನಮ್ಮ ಮಹಾರಾಜರು ವಿಷ ಕೊಟ್ಟದ್ದು

ನಾಟಕದ ಹುಚ್ಚು ಹಿಡಿದವರ ಜೊತೆ ಓಡಾಡುವವನು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕಾರವಾರದ ನಮ್ಮ ಕಚೇರಿಯಲ್ಲಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ಅದಕ್ಕಿಂತ ದೊಡ್ಡ ನಾಟಕ ಅದರ ತಾಲೀಮಿನಲ್ಲೇ ನಡೆದುಹೋಗುತ್ತದೆ. ನಾನು ಕಚೇರಿಯಲ್ಲಿ ಗುಮಾಸ್ತ, ನಾಟಕದಲ್ಲಿ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವನು. ಜನ ನನ್ನನ್ನು ನೋಡುವುದಿಲ್ಲ, ನಾನು ಮಾತ್ರ ಎಲ್ಲರನ್ನೂ ನೋಡುತ್ತೇನೆ.

ಕಳೆದ ಸಲ ನಾವು ಕೈಗೆತ್ತಿಕೊಂಡದ್ದು ಒಂದು ಹಳೆಯ ದುರಂತ ನಾಟಕ. ಮಂತ್ರಿಯ ಚಾಡಿ ಮಾತು ನಂಬಿ ರಾಜ ತನ್ನ ರಾಣಿಯ ಮೇಲೆ ಸಂಶಯಪಡುತ್ತಾನೆ. ಕೊನೆಗೆ ತನ್ನ ಕೈಯಾರೆ ಅವಳಿಗೆ ವಿಷ ಕೊಡುತ್ತಾನೆ. ಅವಳು ವಿಷವೆಂದು ಗೊತ್ತಿದ್ದೂ ಕುಡಿಯುತ್ತಾಳೆ. ಆ ದೃಶ್ಯ ಗೆದ್ದರೆ ನಾಟಕ ಗೆದ್ದಂತೆ, ಬಿದ್ದರೆ ಎಲ್ಲ ಬಿದ್ದಂತೆ.

ರಾಜನ ಪಾತ್ರ ನಮ್ಮ ಶಿರಸ್ತೇದಾರರಿಗೆ ಸಿಕ್ಕಿತು. ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಸಾಧು ಮನುಷ್ಯ. ಅಲ್ಲಿಯವರೆಗೆ ಪ್ರತಿ ನಾಟಕದಲ್ಲೂ ಭರ್ಜಿ ಹಿಡಿದು ಬಾಗಿಲು ಕಾದವರು. ಅವರ ಹೆಂಡತಿಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇವೆ. ವೈನಿ ಒಂದು ನಾಟಕಕ್ಕೂ ಬಂದವರಲ್ಲ. "ಬಾಗ್ಲು ಕಾಯೂದು ನೋಡೂಕೆ ಕಾರವಾರಕ್ಕೆ ಎಂತಕೆ ಬರ್ಬೇಕು? ರಾಜ ಆದ್ರೆ ಹೇಳಿ, ಬತ್ತೆ" ಎಂದಿದ್ದರು. ಈಗ ಬರಲೇಬೇಕಾಯಿತು.

ವೈನಿಯ ಬಾಯಲ್ಲಿ ಹೊಗಳಿಕೆಗೆ ಇರುವುದು ಒಂದೇ ಶಬ್ದ: ಅಡ್ಡಿಲ್ಲ. ಮಗಳು ಶಾಲೆಗೇ ಮೊದಲು ಬಂದಾಗಲೂ "ಅಡ್ಡಿಲ್ಲ", ನೆರೆಯವರು ಹೊಸ ಮನೆ ಕಟ್ಟಿದಾಗಲೂ "ಅಡ್ಡಿಲ್ಲ". ಗಂಡನ ಯಾವ ಕೆಲಸಕ್ಕೂ ಅದು ಇನ್ನೂ ಸಿಕ್ಕಿರಲಿಲ್ಲ. ಶಿರಸ್ತೇದಾರರು ನನ್ನ ಹತ್ತಿರ ಗುಟ್ಟಿನಲ್ಲಿ ಹೇಳಿದರು: "ಮಾರಾಯಾ, ಜನ ಚಪ್ಪಾಳೆ ಹೊಡೀಲಿ ಬಿಡ್ಲಿ. ಅವ್ಳು ಒಂದು ಸಲ ಅಡ್ಡಿಲ್ಲ ಅಂದ್ರೆ ನನ್ನ ಜನ್ಮ ಸಾರ್ಥಕ."

೧. ಮೀಸೆಯ ರಾಣಿ

ನಮ್ಮ ಕಡೆ ಇಂಥ ನಾಟಕಗಳಿಗೆ ನಾಯಕಿ ಹೊರಗಿನಿಂದ ಬರುತ್ತಾಳೆ. ಅವಳು ವೃತ್ತಿಯ ನಟಿ. ನಾಟಕದ ದಿನ ಮಧ್ಯಾಹ್ನ ಬಸ್ಸಿಳಿದು, ರಾತ್ರಿ ಬಣ್ಣ ಕಳಚಿ ಹೋಗಿಬಿಡುತ್ತಾಳೆ. ಅಲ್ಲಿಯತನಕ ತಾಲೀಮಿನಲ್ಲಿ ರಾಣಿಯ ಜಾಗದಲ್ಲಿ ನಿಲ್ಲುವುದು ಪ್ರಾಂಪ್ಟರ್. ಪುಸ್ತಕ ಹೇಗೂ ಅವನ ಕೈಯಲ್ಲಿರುತ್ತದಲ್ಲ! ಹೀಗೆ ದಪ್ಪ ಮೀಸೆ, ಓದುವ ಕನ್ನಡಕದ ಸಮೇತ ನಾನು ರಾಣಿಯಾದೆ.

ಒಂದು ಸಂಜೆ, ತಾಲೀಮು ನಡೆಯುತ್ತಿದ್ದ ಕೋಡಿಬಾಗದ ಸಭಾಭವನದ ಬೀಗದ ಕೈ ಸಿಗಲಿಲ್ಲ. "ಹೊಳೆ ದಂಡೆ ಇದ್ದದ್ದು ಯಾತಕ್ಕೆ?" ಎಂದರು ನಿರ್ದೇಶಕರು. ಅವರು ಕೋಡಿಬಾಗದವರೇ, ನಿವೃತ್ತ ಮಾಸ್ತರು. ಕಾಳಿ ಹೊಳೆಯ ದಂಡೆಯಲ್ಲಿ ಶಿರಸ್ತೇದಾರರು ನನ್ನ ಗಲ್ಲ ಹಿಡಿದು, "ನಿನ್ನನ್ನು ಪ್ರಾಣದಂತೆ ಪ್ರೀತಿಸಿದೆ, ಪಾಪಿ! ಈಗ ಅಷ್ಟೇ ದ್ವೇಷಿಸುತ್ತೇನೆ!" ಎಂದು ಗುಡುಗಿದರು. ನಾನು ಅವರ ಕಾಲು ಹಿಡಿದುಕೊಂಡೆ.

ಮೀನು ಮಾರಿ ಮನೆಗೆ ಹೊರಟಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿ ನಿಂತೇಬಿಟ್ಟಳು. "ಎಂತಕೆ ಜಗಳ ಆಡ್ತ್ರಿ? ಅಣ್ಣ ತಮ್ಮನಾ?" ಎಂದಳು. ಮಾಸ್ತರು ಇದು ನಾಟಕ, ಇವರು ರಾಜ, ಇವರು ರಾಣಿ ಎಂದು ವಿವರಿಸಿದರು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಶಿರಸ್ತೇದಾರರ ಕಡೆ ತಿರುಗಿ, "ಹಂಗಾದ್ರೆ ಅವ್ರಿಗೆ ಸಿಟ್ಟು ಬಂದದ್ದು ಬರೋಬ್ಬರಿ ಐತಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

೨. ಪ್ರೀತಿಯ ಕಣ್ಣು

ಮಾಸ್ತರಿಗೆ ಒಂದೇ ಹಟ. "ವಿಷ ಕೊಡುವಾಗ ಬರೀ ಸಿಟ್ಟು ತೋರಿಸಿದರೆ ನೀವು ಕೊಲೆಗಾರ. ಬರೀ ಪ್ರೀತಿ ತೋರಿಸಿದರೆ ಕಂಪೌಂಡರ್. ಎರಡೂ ಒಟ್ಟಿಗೆ ಬರಬೇಕು. ಒಂದು ಕಣ್ಣಲ್ಲಿ ಪ್ರೀತಿ, ಒಂದು ಕಣ್ಣಲ್ಲಿ ದ್ವೇಷ!"

ಶಿರಸ್ತೇದಾರರು ಸರಕಾರಿ ನೌಕರರು. ಮೇಲಿನವರು ಹೇಳಿದ್ದನ್ನು ಹೇಳಿದಂತೆಯೇ ಜಾರಿಗೆ ತರುವವರು. ಎಡಗಣ್ಣು ಪ್ರೀತಿಗೆ, ಬಲಗಣ್ಣು ದ್ವೇಷಕ್ಕೆ ಎಂದು ಹಂಚಿಕೊಂಡು ಅಭ್ಯಾಸ ಶುರುಮಾಡಿದರು. ಅಂಕೋಲೆಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಗಾಜು ನೋಡಿಕೊಂಡು ಎಡಗಣ್ಣು ಸಣ್ಣಗೆ ಮಾಡುವುದು, ಬಲಗಣ್ಣು ಕೆಕ್ಕರಿಸುವುದು. ಪಕ್ಕದಲ್ಲಿ ಕೂತವರು ಮುಂದಿನ ನಿಲ್ದಾಣದಲ್ಲಿ ಎದ್ದು ಬೇರೆ ಸೀಟಿಗೆ ಹೋದರಂತೆ. ಕಚೇರಿಯಲ್ಲಂತೂ ಅವರ ಮೇಜಿನ ಮುಂದೆ ನಿಂತವರು ಕೇಳಬೇಕೆಂದು ಬಂದದ್ದನ್ನೇ ಮರೆತು ನಮಸ್ಕಾರ ಹೇಳಿ ಹೋಗತೊಡಗಿದರು.

ನಮ್ಮ ಸಾಹೇಬರಿಗೆ ಕನಿಕರ ಬಂತು. ತಮ್ಮ ಜೀಪಿನಲ್ಲೇ ಕೂರಿಸಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿಕೊಟ್ಟರು. ಸಾಹೇಬರ ಮಾತು ಮೀರಲಾರದೆ ಇವರು ಹೋದರು, ನಾಟಕದ ಸುದ್ದಿ ಎತ್ತಲು ನಾಚಿಕೆಯಾಗಿ ಸುಮ್ಮನೆ ಕೂತರು. ಸಂಜೆ ತಾಲೀಮಿಗೆ ಬಂದಾಗ ಮುಖ ಬಾಡಿತ್ತು.

"ಡಾಕ್ಟ್ರು ಎಂತ ಹೇಳಿದ್ರು?" ಎಂದು ಮಾಸ್ತರು ಕೇಳಿದರು.

"ದ್ವೇಷದ ಕಣ್ಣು ಚಲೋ ಇದೆಯಂತೆ. ಪ್ರೀತಿಯ ಕಣ್ಣಿಗೆ ಪೊರೆ ಬರೂಕೆ ಶುರುವಾಗಿದೆಯಂತೆ."

೩. ವಿಷದ ರುಚಿ

ತಾಲೀಮಿನಲ್ಲಿ ಬರೀ ಲೋಟ ಎತ್ತಿದರೆ ಮಾಸ್ತರಿಗೆ ಸಮಾಧಾನವಿಲ್ಲ. ಗಂಟಲಲ್ಲಿ ಏನಾದರೂ ಇಳಿಯಬೇಕು. ಹಾಗಾಗಿ ವೈನಿ ದಿನಾ ಬಾಟಲಿಯಲ್ಲಿ ಕೋಕಂ ಹುಳಿಯ ಪಾನೀಯ, ನಾವು ಕಡಿ ಎನ್ನುವುದನ್ನು, ಮಾಡಿ ಕಳಿಸುತ್ತಿದ್ದರು. ಕೆಂಪು ಬಣ್ಣ, ನೋಡುವುದಕ್ಕೆ ವಿಷವೇ. ಕುಡಿದರೆ ಅಮೃತ. ತೆಂಗಿನ ಹಾಲು, ಚೂರು ಬೆಳ್ಳುಳ್ಳಿ, ಹದವಾದ ಉಪ್ಪು. ನಾನು ಬೇಕಂತಲೇ ಸರಿಯಾಗಿ ಸಾಯದೆ ಇನ್ನೊಂದು ಸಲ ಮಾಡಿಸಿಕೊಳ್ಳುತ್ತಿದ್ದೆ.

ಕ್ರಮೇಣ ನನಗೆ ಒಂದು ಸಂಗತಿ ಹೊಳೆಯಿತು. ಗಂಡ ಹೆಂಡತಿ ಚೆನ್ನಾಗಿದ್ದ ದಿನ ಕಡಿ ತಂಪಾಗಿರುತ್ತದೆ, ಮುನಿಸಿಕೊಂಡ ದಿನ ಉಪ್ಪು ಮುಂದಾಗಿರುತ್ತದೆ. ಒಂದು ಗುಟುಕು ಕುಡಿದರೆ ಸಾಕು, ಅಂಕೋಲೆಯ ಆ ಮನೆಯ ಹವಾಮಾನ ನನಗೆ ತಿಳಿಯುತ್ತಿತ್ತು.

ಒಂದು ದಿನ ಲೋಟ ಬಾಯಿಗಿಟ್ಟವನು ಕೆಳಗೆ ಬಿದ್ದು ಹೊರಳಾಡಿದೆ. ಕಣ್ಣಲ್ಲಿ ಮೂಗಲ್ಲಿ ನೀರು. ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಮಾಸ್ತರು ಚಪ್ಪಾಳೆ ತಟ್ಟಿದರು. "ಇವತ್ತು ಸಾವು ಚಲೋ ಬಂತು! ಇದನ್ನೇ ಇಟ್ಟುಕೊಳ್ಳಿ!"

ಸುಧಾರಿಸಿಕೊಂಡು ವಿಚಾರಿಸಿದರೆ ವಿಷಯ ಗೊತ್ತಾಯಿತು. ಹಿಂದಿನ ದಿನ ಕಾರವಾರದ ಪೇಟೆಯಿಂದ ಬಂಗಡೆ ಮೀನು ತನ್ನಿ ಎಂದು ವೈನಿ ಹೇಳಿದ್ದರು. ಮಹಾರಾಜರು ಡೈಲಾಗು ಬಾಯಿಪಾಠ ಮಾಡುತ್ತ ಖಾಲಿ ಚೀಲ ಹಿಡಿದು ಮನೆ ಸೇರಿದ್ದರು. ಮಸಾಲೆ ಅರೆದಿಟ್ಟು ಕಾದು ಕೂತವರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಆ ಮಸಾಲೆಯ ಮೆಣಸೆಲ್ಲ ನನ್ನ ಹೊಟ್ಟೆ ಸೇರಿತ್ತು.

ನಾನು ವೈನಿಗೆ ಫೋನು ಮಾಡಿದೆ. "ವೈನಿ, ರಾಜನ ಮೇಲಿನ ಸಿಟ್ಟನ್ನು ಬಡಪಾಯಿ ರಾಣಿಯ ಮೇಲೆ ಯಾಕೆ ತೀರಿಸ್ತೀರಿ?"

ಆ ಕಡೆ ಪಾತ್ರೆ ಕೆಳಗಿಟ್ಟ ಸಪ್ಪಳ ಕೇಳಿತು. ಆಮೇಲೆ, "ಅಯ್ಯೋ ದೇವ್ರೇ, ಕುಡಿಯೂದು ನೀವಾ? ಇಷ್ಟು ದಿನ ಅವ್ರೇ ಕುಡಿತ್ರು ಅಂದ್ಕಂಡಿದ್ದೆ!"

೪. ಬೆಳ್ಳಿ ಲೋಟ

ನಾಟಕದ ದಿನ ಹುಬ್ಬಳ್ಳಿ ಬಸ್ಸಿನಿಂದ ನಟಿ ಬಂದಿಳಿದರು. ನೂರಾರು ರಾಣಿಯರನ್ನು ಆಡಿ ಸತ್ತ ಅನುಭವಿ. ಮಾಸ್ತರು ಪ್ರೀತಿ, ದ್ವೇಷ, ಎರಡೂ ಕಣ್ಣು ಎಂದು ವಿವರಿಸುತ್ತಿದ್ದರೆ ಆಕೆ ಶಾಂತವಾಗಿ ಚಹಾ ಮುಗಿಸಿ ಒಂದೇ ಪ್ರಶ್ನೆ ಕೇಳಿದರು. "ಅದೆಲ್ಲಾ ಇರಲಿರೀ ಸರ, ಎಡಕ್ಕ ಬಿದ್ದು ಸಾಯೂದೋ, ಬಲಕ್ಕ ಬಿದ್ದು ಸಾಯೂದೋ?"

ಅಷ್ಟು ದಿನ ರಾಣಿಯಾಗಿದ್ದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಪುಸ್ತಕ ಹಿಡಿದು ನನ್ನ ಮೂಲೆಗೆ ವಾಪಸಾದೆ.

ಲೋಟದ ವಿಷಯ ಇಲ್ಲಿ ಹೇಳಬೇಕು. ರಾಜ ಸ್ಟೀಲ್ ಲೋಟದಲ್ಲಿ ವಿಷ ಕೊಟ್ಟರೆ ಜನ ನಗುತ್ತಾರೆ ಎಂದು ಮಾಸ್ತರು ಗೊಣಗುತ್ತಿದ್ದರು. ಶಿರಸ್ತೇದಾರರು ಅಂದು ಮನೆಯ ಕಪಾಟಿನಿಂದ ಒಂದು ಬೆಳ್ಳಿ ಲೋಟ ತಂದಿದ್ದರು. ಅವರ ಮದುವೆಯಲ್ಲಿ ವೈನಿಯ ಅಣ್ಣ ಕೊಟ್ಟ ಉಡುಗೊರೆ. ವೈನಿ ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಸ್ವತಃ ಗಂಡನಿಗೂ ಅದರಲ್ಲಿ ಒಂದು ದಿನ ನೀರು ಕೊಟ್ಟಿರಲಿಲ್ಲ. ಅಣ್ಣ ಈಗ ಇಲ್ಲ. ಹಾಗಾಗಿ ಆ ಲೋಟವೆಂದರೆ ಅವರಿಗೆ ಜೀವ.

"ವೈನಿಗೆ ಹೇಳಿದ್ರಾ?" ಎಂದು ಕೇಳಿದೆ.

"ಹೇಳಿದ್ರೆ ಕೊಡ್ತಿದ್ಲಾ? ನಾಟಕ ಮುಗಿದ ಕೂಡ್ಲೇ ತೊಳೆದು ಇಟ್ಬಿಡ್ತೆ. ದೂರದಿಂದ ಅವ್ಳಿಗೆ ಎಂತ ಕಾಣ್ತದೆ?"

ವೈನಿ ಬಂದು ಕೂತದ್ದು ಮೊದಲನೇ ಸಾಲಿನಲ್ಲಿ.

ನಾಟಕ ಚೆನ್ನಾಗಿಯೇ ಸಾಗಿತು. ವಿಷದ ದೃಶ್ಯ ಬಂತು. ಶಿರಸ್ತೇದಾರರು ಬೆಳ್ಳಿ ಲೋಟ ಎತ್ತಿ, "ರಾಣಿ, ಇದು ನನ್ನ ಪ್ರೀತಿಯ ಕೊನೆಯ ಕಾಣಿಕೆ!" ಎಂದರು. ದೀಪದ ಬೆಳಕಿಗೆ ಲೋಟ ಫಳಕ್ಕನೆ ಹೊಳೆಯಿತು. ಮೊದಲನೇ ಸಾಲಿನಲ್ಲಿ ವೈನಿ ಕುತ್ತಿಗೆ ಉದ್ದ ಮಾಡಿದ್ದು ನನ್ನ ಮೂಲೆಯಿಂದ ಕಂಡಿತು.

ನಟಿ ಲೋಟ ತೆಗೆದುಕೊಂಡು ಗಟಗಟನೆ ಕುಡಿದರು. ತಾಲೀಮಿನಲ್ಲಿ ನಾನು ಕುಡಿದು ಲೋಟವನ್ನು ಮೆಲ್ಲಗೆ ನೆಲಕ್ಕಿಡುತ್ತಿದ್ದೆ. ಇದನ್ನು ಆಕೆಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಆಕೆ ಆಡಿ ಬಂದ ನಾಟಕಗಳಲ್ಲಿ ವಿಷ ಕುಡಿದವಳು ಪಾತ್ರೆಯನ್ನು ಬೀಸಿ ಒಗೆಯಬೇಕು, ಠಣ್ ಎಂದು ಸಪ್ಪಳವಾಗಬೇಕು, ನಿದ್ದೆ ಹೋದವರು ಏಳಬೇಕು. ಆಕೆ ಕೈಯನ್ನು ತಲೆಯ ಮೇಲೆತ್ತಿದರು.

"ಬೇಡಾ! ಬೇಡಾ!" ವೈನಿ ಎದ್ದು ನಿಂತು ಕಿರುಚಿದರು.

ಹಿಂದಿನ ಸಾಲಿನ ಅಜ್ಜಿಯರಿಗೆ ಕರುಳು ಕಿತ್ತು ಬಂತು. ಇವಳು ಎಷ್ಟು ಮರುಗಿದಳಪ್ಪ ಎಂದು ಅವರೂ ದನಿಗೂಡಿಸಿದರು. "ಬೇಡಾ ಮಗಾ, ಕುಡಿಬೇಡಾ! ಉಗುಳು!"

ಲೋಟ ಹಾರಿತು. ಅಷ್ಟು ವರ್ಷ ಭರ್ಜಿ ಹಿಡಿದು ಅಲ್ಲಾಡದೆ ನಿಂತ ಮನುಷ್ಯ ಕಿರೀಟ ಸಮೇತ ಜಿಗಿದರು. ಮೊಣಕಾಲೂರಿ ಬಿದ್ದರು, ಆದರೆ ಲೋಟ ನೆಲ ಮುಟ್ಟುವ ಮೊದಲೇ ಎರಡೂ ಕೈಯಲ್ಲಿ ಹಿಡಿದರು. ಹಿಡಿದದ್ದನ್ನು ಎದೆಗೊತ್ತಿಕೊಂಡು, ತಲೆ ಎತ್ತಿ, ಮೊದಲನೇ ಸಾಲಿನ ಕಡೆ ನೋಡಿದರು.

ಆ ಮುಖ ನಾನು ಮರೆಯಲಾರೆ. ಪ್ರೀತಿ ಇತ್ತು, ದ್ವೇಷ ಇತ್ತು, ಇನ್ನು ನನ್ನ ಕಥೆ ಮುಗಿಯಿತು ಎಂಬ ಭಯವೂ ಇತ್ತು. ಎರಡೂ ಕಣ್ಣಿನಲ್ಲಿ ಎಲ್ಲವೂ ಸಮಸಮವಾಗಿ ಇತ್ತು. ರಾಣಿಯ ತುಟಿ ತಾಗಿದ ಲೋಟವನ್ನು ರಾಜ ಎದೆಗಪ್ಪಿಕೊಂಡಿದ್ದಾನೆ ಎಂದು ಜನ ತಿಳಿದರು. ಆಮೇಲೆ ಬಿದ್ದ ಚಪ್ಪಾಳೆಗೆ ಸತ್ತು ಮಲಗಿದ್ದ ರಾಣಿಯೂ ಒಂದು ಕಣ್ಣು ತೆರೆದು ನೋಡಿದಳು. ಮಾಸ್ತರು ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದರು. "ಬಂತು ಮಾರಾಯಾ, ಎರಡೂ ಬಂತು!"

ನಾಟಕ ಮುಗಿದು ಬಣ್ಣದ ಕೋಣೆಗೆ ವೈನಿ ಬಂದರು. ನಾವೆಲ್ಲ ಗೋಡೆಗೆ ಅಂಟಿ ನಿಂತೆವು. ಅವರು ಯಾರ ಮುಖವನ್ನೂ ನೋಡದೆ ಲೋಟ ತೆಗೆದುಕೊಂಡರು, ತಿರುಗಿಸಿ ತಿರುಗಿಸಿ ನೋಡಿದರು, ನೆಗ್ಗಿಲ್ಲ ಎಂದು ಖಾತ್ರಿಯಾದ ಮೇಲೆ ಸೆರಗಿನಿಂದ ಒರೆಸಿದರು. ಶಿರಸ್ತೇದಾರರು ಕಿರೀಟ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮೊಣಕಾಲು ತರಚಿಹೋಗಿತ್ತು. ಪಾಪ, ಆದರೂ ಧೈರ್ಯ ಮಾಡಿ ಕೇಳಿಯೇಬಿಟ್ಟರು.

"ಹೆಂಗಾಯ್ತೇ? ನನ್ನ ಪಾರ್ಟು?"

"ಎಂತ ಪಾರ್ಟು? ಜನ ಚಪ್ಪಾಳೆ ಹೊಡೆದ್ರಲ್ಲ, ಆ ಮುಖ ನಾ ಮನೇಲಿ ದಿನಾ ನೋಡ್ತೆ. ಅದಕ್ಕೆ ಕಾರವಾರಕ್ಕೆ ಬರೂದೇ ಬೇಕಾಗಿರ್ಲಿಲ್ಲ."

ಮಹಾರಾಜರ ತಲೆ ಬಾಗಿತು. ಅಂಥ ಯಶಸ್ಸಿನ ದಿನ ಒಬ್ಬ ಮನುಷ್ಯ ಅಷ್ಟು ಕುಗ್ಗಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ವೈನಿ ಬಾಗಿಲ ತನಕ ಹೋದವರು ನಿಂತರು. ಲೋಟವನ್ನು ಇನ್ನೊಮ್ಮೆ ನೋಡಿದರು, ಗಂಡನ ಮೊಣಕಾಲನ್ನೂ ನೋಡಿದರು.

"ಲೋಟ ಹಿಡಿದದ್ದು ಮಾತ್ರ ಅಡ್ಡಿಲ್ಲ."