ತೊಳೆದ ಆಲೂಗೆಡ್ಡೆ

ಓದಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಮನೆಯವರು ಸುಮ್ಮನೆ ಮಾಡಿಕೊಂಡು ಬಂದದ್ದನ್ನೆಲ್ಲ ತಿದ್ದಬೇಕೆನ್ನಿಸುತ್ತದೆ. ನನಗಂತೂ ಬಿ.ಎ. ಪಾಸಾದ ದಿನವೇ ಅದು ಶುರುವಾಯಿತು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲಿಗ ನಾನು. ಅದಕ್ಕಾಗಿ ಎಷ್ಟು ಸಲ ಬೆಂಗಳೂರಿಗೆ ನಡೆದೆ, ಎಷ್ಟು ತಂಗಳು ಮುದ್ದೆ ಮುರಿದೆ ಎಂಬುದನ್ನು ಕೇಳದವರಿಗೂ ಹೇಳುತ್ತೇನೆ. ಇಲ್ಲಿ ಇಷ್ಟಕ್ಕೇ ಬಿಟ್ಟಿದ್ದೇನೆ.

ನಮ್ಮೂರು ಕಲ್ಯ. ಅಲ್ಲಿನ ನಮ್ಮ ಹೊಲದಲ್ಲಿ ಆ ವರ್ಷ ಆರು ಮೂಟೆ ಆಲೂಗೆಡ್ಡೆ ಬಂದಿತ್ತು. ಪ್ರತಿಸಲ ದಲ್ಲಾಳಿಯೊಬ್ಬ ಹೊಲದ ಬದುವಿನಲ್ಲೇ ನಿಂತು, ತನಗೆ ತೋಚಿದ ಬೆಲೆ ಹೇಳಿ, ಹೇರಿಕೊಂಡು ಹೋಗುತ್ತಿದ್ದ. "ಈ ಸಲ ನಾವೇ ಬೆಂಗಳೂರಿನ ಮಂಡಿಗೆ ಗಾಡಿ ಹೊಡೆಯೋಣ" ಎಂದೆ. ಅರ್ಥಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಅಪ್ಪ ಗೆಡ್ಡೆಗಳನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, "ಆಗ್ಲಿ ಕಣ್ಲಾ. ಆದ್ರೆ ಮುಂದಿನ ಬಿತ್ನೆಗೆಡ್ಡೆ ಈ ದುಡ್ನಾಗೇ ಬರ್ಬೇಕು, ನೆಪ್ಪಿರ್ಲಿ" ಎಂದ.

ಅಲ್ಲಿಗೇ ನಿಂತಿದ್ದರೆ ನಾನು ಬುದ್ಧಿವಂತನಾಗಿಯೇ ಉಳಿಯುತ್ತಿದ್ದೆ. ಆದರೆ ಗೆಡ್ಡೆಗಳ ಮೈತುಂಬ ಕೆಮ್ಮಣ್ಣು. ಪೇಟೆಯವರೋ ಸೋಪಿನಲ್ಲಿ ಕೈ ತೊಳೆಯುವ ಜನ. ಅಪ್ಪ ಎತ್ತಿಗೆ ಲಾಳ ಕಟ್ಟಿಸಲು ಮಾಗಡಿಗೆ ಹೋದ ದಿನ, ಆರೂ ಮೂಟೆಯನ್ನು ಬಾವಿಕಟ್ಟೆಯಲ್ಲಿ ಸುರಿದು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ನೀರು ಸೋರುತ್ತಿದ್ದಂತೆಯೇ ಮತ್ತೆ ತುಂಬಿದೆ.

ಬಂದು ನೋಡಿದ ಅಪ್ಪ, "ಲೇ, ಗೆಡ್ಡೆಗೆ ಎಣ್ಣೆ ನೀರು ಹಾಕಿದ್ದೀಯಾ? ಮದ್ವೆ ಏನ್ಲಾ ಅದ್ಕೆ?" ಎಂದ. ನೋಟ ಚೆನ್ನಾಗಿದ್ದರೆ ಬೆಲೆ ಹೆಚ್ಚು ಎಂದು ವಿವರಿಸಿದೆ. ಓದಿದ ಮಗ ಹೇಳುತ್ತಿದ್ದಾನೆ, ಇದ್ದರೂ ಇದ್ದೀತು ಎಂದು ನಂಬಿಬಿಟ್ಟ. ಅವನು ಎರಡೇಟು ಹಾಕಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲ.

ಮಂಡಿಯ ಸಾಹುಕಾರರು ಒಂದು ಗೆಡ್ಡೆ ಎತ್ತಿ ಮೂಸಿ, "ಯಾರಪ್ಪಾ ಇದನ್ನ ತೊಳೆದವರು?" ಎಂದರು. ಹೊಗಳಿಕೆಯೆಂದುಕೊಂಡು "ನಾನೇ" ಎಂದೆ.

"ನಾವು ವಾರಗಟ್ಲೆ ಇಟ್ಟು ಮಾರೋರು. ನೀರು ಸೋಕಿದ ಮಾಲು ತಾನೂ ಕೊಳೀತದೆ, ಪಕ್ಕದ ಮೂಟೇನೂ ಕೊಳೆಸ್ತದೆ. ಮಣ್ಣಿದ್ದಿದ್ರೆ ಎಲ್ಲಾ ತಗೋತಿದ್ದೆ. ಮುಂದಕ್ಕೆ ಹೊಡೀರಿ."

ಉಳಿದ ಮಂಡಿಗಳಲ್ಲೂ ಇದೇ ಮಾತು. ಎಲ್ಲಾದರೂ ಮಣ್ಣು ಹುಡುಕಿ ಮತ್ತೆ ಬಳಿಯೋಣವೇ ಎಂದು ಅಪ್ಪನನ್ನು ಕೇಳಿದೆ. "ಬಾಯ್ ಮುಚ್ಕೊಂಡು ಎತ್ತಿಗೆ ಹುಲ್ಲಾಕು" ಎಂದ.

ಕೊನೆಗೆ ಹೋಟೆಲಿನವರೊಬ್ಬರು ಅರ್ಧ ಬೆಲೆಗೆ ಎಲ್ಲವನ್ನೂ ಕೊಂಡರು. ಆ ದುಡ್ಡಿಗೆ ಬಿತ್ತನೆಗೆಡ್ಡೆ ಅರ್ಧ ಹೊಲಕ್ಕಾಗುವಷ್ಟೇ ಬರುತ್ತಿತ್ತು. ಮಿಕ್ಕ ಹೊಲಕ್ಕೆ ರಾಗಿ ಎಂದು ಅಪ್ಪ ಅಲ್ಲೇ ತೀರ್ಮಾನಿಸಿದ. ಹೋಟೆಲಿನವರು ಗೆಡ್ಡೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಅಚ್ಚುಕಟ್ಟಾಗಿ ತೊಳೆಯೋ ಆಳು ನನಗೆ ಸಿಕ್ಕಿಲ್ಲ ಗೌಡ್ರೇ. ಇವನನ್ನ ಬಿಟ್ಟುಹೋಗಿ, ಊಟ ಹಾಕಿ ಸಂಬಳ ಕೊಡ್ತೀನಿ" ಎಂದರು.

"ಬಿ.ಎ. ಮಾಡವ್ನೆ, ಸ್ವಾಮಿ" ಎಂದ ಅಪ್ಪ.

"ಪರವಾಗಿಲ್ಲ, ಕೆಲಸ ಕಲಿತುಕೊಳ್ತಾನೆ."

ಬೇಡವೆಂದು ನಾನು ಬಹಳ ಗಂಭೀರವಾಗಿ ಹೇಳಿದೆ. ಹಾಗೆ ಹೇಳುವ ಮೊದಲು ಸಂಬಳ ಎಷ್ಟೆಂದು ನಾನು ವಿಚಾರಿಸಿದ್ದನ್ನು ಅಪ್ಪ ಊರಿನಲ್ಲಿ ಇದುವರೆಗೂ ಯಾರಿಗೂ ಹೇಳಿಲ್ಲ.