ದಾರಿ-ಬದು ಕಚೇರಿಯ ರದ್ದತಿ ಶಾಸ್ತ್ರ

ಕೊಳ್ಳೇಗಾಲದ ದಾರಿ-ಬದು ಕಚೇರಿಯಲ್ಲಿ ಯಾವ ಆದೇಶವೂ ಸಾಯುವುದಿಲ್ಲ. ಬಂದ ಕಾಗದವನ್ನು ತುದಿ ಬಾಗಿದ ತಂತಿಗೆ ಚುಚ್ಚಿ, ತಂತಿಯನ್ನು ತೊಲೆಗೆ ನೇತುಹಾಕುತ್ತಾರೆ. ಅಡಿಯದು ಮೊದಲಿನದು, ಮೇಲಿನದು ಕೊನೆಯದು. ಇದರಲ್ಲಿ ಮರ್ಮವೇನೂ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಧನಗೆರೆಯ ಮಾದಣ್ಣ ಆ ತಂತಿಯ ಕೆಳಗೆ ಬಂದು ನಿಂತ. ಮಾದಣ್ಣ ಅಂದರೆ ಹುಲ್ಲುಕಡ್ಡಿ ಆಸಾಮಿಯಲ್ಲ. ಹನೂರಿನಾಚೆ ಒಂಟಿ ಸಲಗ ಎದುರಾದಾಗ "ದಾರಿ ಬುಡಪ್ಪ, ಎಡ್ತಿ ಕಾಯ್ತಾವ್ಳೆ" ಅಂದಿದ್ದ; ಸಲಗ ಸೊಂಡಿಲು ಮಡಚಿಕೊಂಡು ಪಕ್ಕಕ್ಕೆ ಸರಿದಿತ್ತು. ಆದರೆ ಹೊನ್ನೂರಿನ ವೃಷಭೇಂದ್ರಪ್ಪನವರು ಸಲಗವಲ್ಲ. ಮಾದಣ್ಣನ ಹಿಪ್ಪುನೇರಳೆ ತೋಟಕ್ಕಿದ್ದ ಒಂದೇ ಗಾಡಿದಾರಿಯನ್ನು ಉತ್ತು ಕಬ್ಬು ಹಾಕಿದ್ದರು. ಇತ್ತ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಜಡಿಮಳೆಯಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುವ ವಾರ. ಗಾಡಿಗಟ್ಟಲೆ ಸೊಪ್ಪು ಬೇಕಾದ ಹೊತ್ತಲ್ಲಿ ಹೆಂಡತಿ ಸೋಮಮ್ಮ ಮೂರು ಮೈಲಿ ಸುತ್ತಿ ತಲೆಹೊರೆಯಲ್ಲಿ ತರುತ್ತಿದ್ದಳು.

ಗುಮಾಸ್ತ ಗುರುಪಾದಸ್ವಾಮಿ ತಂತಿ ಇಳಿಸಿದರು. ಎಪ್ಪತ್ತೊಂಬತ್ತರ ಕಾಗದ ದಾರಿ ಉಂಟು ಅನ್ನುತ್ತಿತ್ತು. ಎಂಬತ್ತೈದರದು ಇಲ್ಲ ಅನ್ನುತ್ತಿತ್ತು. ತೊಂಬತ್ತೊಂದರದು ಮತ್ತೆ ಉಂಟು ಅನ್ನುತ್ತಿತ್ತು.

"ಮೂರೂ ಸರ್ಕಾರದ್ದೇ. ಯಾವುದನ್ನ ನಂಬಲಿ?"

"ಕೊನೇದ ನಂಬಿ ಸಾ."

ಗುಮಾಸ್ತರ ಮನೆಗೆ ವೃಷಭೇಂದ್ರಪ್ಪನವರ ಆಲೆಮನೆಯಿಂದ ನಾಲ್ಕು ಮಂಕರಿ ಬೆಲ್ಲ ಹೋಗಿದ್ದರಿಂದ ಅವರ ಸಂಶಯ ಅಷ್ಟಕ್ಕೆ ತೀರುವಂಥದ್ದಾಗಿರಲಿಲ್ಲ.

ಖಬರಸ್ತಾನದ ಬದುವಿನ ಕಾಗದಕ್ಕೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಮಸೀದಿಯ ಹಿರಿಯ ಹಜರತ್ತರು ಬಾಯಿ ತೆರೆದರು. "ನಮ್ಮ ಕುರಾನಿನ ಓದಿನಲ್ಲೂ ಈ ಪ್ರಶ್ನೆ ಉಂಟು. ನಸ್ಖ್ ಅಂತೀವಿ. ಮೊದಲ ಅಪ್ಪಣೆಯನ್ನ ಆಮೇಲೆ ಬಂದದ್ದು ತೆಗೆಯುತ್ತೆ. ಮಾತು ಓದೋಕೆ ಉಳಿದು ಅಪ್ಪಣೆ ಹೋಗಬಹುದು. ಮಾತು ಹೋಗಿ ಅಪ್ಪಣೆ ಉಳೀಬಹುದು ಅಂದವರೂ ಇದ್ದಾರೆ. ಎಷ್ಟು ಕಡೆ ಹೀಗಾಗಿದೆ ಅಂದ್ರೆ ಒಬ್ಬ ಪಂಡಿತರು ಇನ್ನೂರು ಅಂದ್ರು, ಇನ್ನೊಬ್ಬರು ಇಪ್ಪತ್ತು, ಮತ್ತೊಬ್ಬರು ಐದೇ ಐದು. ಒಂದೂ ಇಲ್ಲ ಅಂದವರೂ ಉಂಟು. ಹೆದರಿ ಹೆದರಿ ಆಡೋ ಮಾತು ಇದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಖಚಿತ ತಿಳಿದಿರಬೇಕು. ತೆಗೆದ ಜಾಗಕ್ಕೆ ಅಷ್ಟೇ ಒಳ್ಳೇದೋ ಇನ್ನೂ ಒಳ್ಳೇದೋ ಬರಬೇಕು. ಮತ್ತೆ, ತೆಗೆಯೋ ಹಕ್ಕು ಮಾತು ಕೊಟ್ಟವನದು, ಓದೋವನದಲ್ಲ."

ಗುಮಾಸ್ತರಿಗೆ ಇದರಲ್ಲಿ ಅರ್ಧ ಬಹಳ ಹಿಡಿಸಿತು. ಮಾರನೆಯ ದಿನ ಬಾಗಿಲಿಗೆ ಅಂಟಿತು:

"ಪ್ರಕಟಣೆ. ಈ ಕಚೇರಿಯಲ್ಲಿ ಇಂದಿನಿಂದ ರದ್ದತಿ ಶಾಸ್ತ್ರ ಜಾರಿಯಲ್ಲಿರುತ್ತದೆ. ತಂತಿಯ ಮೇಲ್ತುದಿಯ ಕಾಗದವೇ ಅಂತಿಮ. ಕೆಳಗಿನವನ್ನು ಸಾರ್ವಜನಿಕರು ಓದಬಹುದು, ನಂಬತಕ್ಕದ್ದಲ್ಲ. ಕಳೆದುಹೋದ ಕಾಗದದ ಆಜ್ಞೆ ಊರ್ಜಿತವಿರುತ್ತದೆ. ಅದು ಏನೆಂಬುದು ಗುಮಾಸ್ತರಿಗೆ ನೆನಪಿರುತ್ತದೆ."

ಮಾದಣ್ಣ ಇದನ್ನು ಓದಿಸಿ ಕೇಳಿ ಹಿಗ್ಗಿದ. ಮೇಲಿನದು ತೊಂಬತ್ತೊಂದರದು ತಾನೆ. ಆದರೆ ಅದೇ ವಾರ ಕಚೇರಿಗೆ ಸುಣ್ಣ ಹೊಡೆದರು. ಜವಾನ ಬಿಳಿಗಿರಿ ಕಾಗದದ ಕಟ್ಟನ್ನು ಇಡಿಯಾಗಿ ಜಾರಿಸಿ ತೆಗೆದವನು, ಸುಣ್ಣ ಒಣಗಿದ ಮೇಲೆ ತಲೆಕೆಳಗಾಗಿ ಚುಚ್ಚಿದ. ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಸಾವಿರದ ಒಂಬೈನೂರ ಐವತ್ತನಾಲ್ಕರ ಕಾಗದ ಮೇಲೆ ಬಂತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದ್ದು, ತಮಿಳಿನಲ್ಲಿತ್ತು. ಬಿಳಿಗಿರಿ ತಮಿಳು ಗಡಿಯ ಪಾಲಾರ್ ಕಡೆಯವನಾದ್ದರಿಂದ ಅವನೇ ಓದಿದ.

"ಅನ್ನೆರಡಡಿ ಗಾಡಿದಾರಿ, ಯಾರೂ ಮುಚ್ಚಕೂಡ್ದು ಅಂತದೆ ಸಾ."

"ಸರಿ ಬುಡಿ," ಅಂದ ಮಾದಣ್ಣ. "ಕಬ್ಬು ಕೀಳ್ಸಿ."

ಗುಮಾಸ್ತರು ಪೆನ್ನಿನ ಟೋಪಿ ಹಾಕಿದರು. "ಕೀಳ್ಸೋಕೆ ನಾನ್ಯಾರಯ್ಯ? ಈ ಆದೇಶದ ಪ್ರಕಾರ ನಾವು ಕೊಯಮತ್ತೂರಿಗೆ ಸೇರಿದವರು. ಈ ಕಚೇರಿ ಇನ್ನೂ ಹುಟ್ಟೇ ಇಲ್ಲ."

"ಉಟ್ಟಿಲ್ದಿದ್ರೆ ಕುರ್ಚಿ ಮ್ಯಾಲೆ ಎಂಗ್ ಕುಂತಿದ್ದೀರಿ ಸಾ?"

"ಕುರ್ಚಿ ಆದೇಶ ಬೇರೆ ತಂತಿ."

"ಸಂಬಳ?"

"ಅದೂ ಬೇರೆ ತಂತಿ."

"ಬೆಲ್ಲ?"

"ಅದಕ್ಕೆ ಕಾಗದ ಇಲ್ಲ. ಆಜ್ಞೆ ಮಾತ್ರ ಇದೆ."

ಮಾದಣ್ಣ ಹಜರತ್ತರನ್ನು ಕರೆತಂದ. ಅವರು ತಂತಿಯನ್ನೂ ತಾರೀಖುಗಳನ್ನೂ ನೋಡಿ, "ಮೊದಲಿನದನ್ನ ಕೊನೇದು ಮಾಡಿದ್ದೀರಿ. ನಾನು ಹೇಳಿದ್ದು ಇದಲ್ಲ," ಅಂದರು.

"ನೀವು ಹೇಳಿದ್ದು ಸೋಮವಾರ. ನನ್ನ ಪ್ರಕಟಣೆ ಮಂಗಳವಾರದ್ದು. ನಿಮ್ಮ ಮಾತು ರದ್ದಾಗಿದೆ."

ಹಜರತ್ತರು ಬಾಗಿಲ ಕಡೆ ತಿರುಗಿದರು. "ನಾವು ಒಂದು ಸಾಲಿಗೆ ಸಾವಿರ ವರ್ಷ ಜಗಳಾಡಿದ್ದೀವಿ. ನಿಮಗೆ ಒಂದು ಸುಣ್ಣ ಸಾಕಾಯ್ತು," ಎಂದು ಕೊಡೆ ತೆಗೆದುಕೊಂಡು ಹೊರಟರು.

ತಾಲ್ಲೂಕಿನ ಜನ ತಿಳಿವಳಿಕಸ್ಥರು. ಹುಟ್ಟದ ಕಚೇರಿಯ ಜೊತೆ ಜಗಳ ಸಲ್ಲದೆಂದು ಅರಿತು, ಎಲ್ಲರೂ ಕೊಯಮತ್ತೂರಿಗೆ ಅರ್ಜಿ ಬರೆಸತೊಡಗಿದರು. ಬಸ್ ಸ್ಟ್ಯಾಂಡಿನ ಹುಣಸೆಮರದಡಿ ತಮಿಳು ಟೈಪಿಸ್ಟ್ ಒಬ್ಬ ಬಂದು ಕೂತ. ಸಾಲು ಮರದಿಂದ ಶುರುವಾಗಿ, ನಂಬಿದರೆ ನಂಬಿ, ಯಳಂದೂರು ರಸ್ತೆಯ ಮೈಲಿಗಲ್ಲು ದಾಟಿತ್ತು.

"ಉಳ ತಲೆ ಎತ್ಕಂಡು ನನ್ ಮೊಕ ನೋಡ್ತಾವೆ ಕಣ್ರಿ," ಅಂದಳು ಸಾಲಿಗೆ ಬುತ್ತಿ ತಂದ ಸೋಮಮ್ಮ ಮೊದಲ ದಿನ. ಮೂರನೇ ದಿನ ಸೊಪ್ಪು ಸಾಲದೆ ಸತ್ತ ಹುಳದ ತಟ್ಟೆಗಳನ್ನು ಒಂದೊಂದಾಗಿ ತಿಪ್ಪೆಗೆ ಒಯ್ದು ಕೊಡವಿದಳು. ಮಾದಣ್ಣ ಅಷ್ಟೂ ದಿನ ಸಾಲಿನಲ್ಲೇ ಇದ್ದ. ಮುಂದಿನ ಬೆಳೆಗಾದರೂ ದಾರಿ ಬೇಕಲ್ಲ.

ಅವನ ಸರದಿ ಬಂತು.

"ತಾರೀಖು ಐವತ್ನಾಲ್ಕರದ್ದೇ ಹಾಕ್ಬೇಕು," ಅಂದ ಟೈಪಿಸ್ಟ್. "ನೀನು ಹುಟ್ಟಿದ್ದು?"

"ಐವತ್ತಾರು."

"ಹಂಗಾದ್ರೆ ನೀನು ಅರ್ಜಿ ಕೊಡೋಕಾಗಲ್ಲ. ನಿಮ್ಮಪ್ಪ ಕೊಡ್ಬೇಕು."

"ಅಪ್ಪ ಎಂಬತ್ತೊಂದರಲ್ಲೇ ಓಗ್ಬುಟ್ಟ."

"ಐವತ್ನಾಲ್ಕರಲ್ಲಿ ಇದ್ನಲ್ಲ?"

ಮಾದಣ್ಣ ಯೋಚಿಸಿದ. ಇದ್ದದ್ದು ನಿಜ. ಅಪ್ಪನ ಹೆಸರು ಹೇಳಿದ. ಸಾಲಿನಲ್ಲಿ ಯಾರೂ ನಗಲಿಲ್ಲ; ಅವರೂ ತಂತಮ್ಮ ಅಪ್ಪಂದಿರ ಹೆಸರು ಬರೆಸಲು ನಿಂತಿದ್ದರು. ಟೈಪಿಸ್ಟ್ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದ. ಮಾದಣ್ಣ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡು, ಅಪ್ಪನ ಪರವಾಗಿ, ನೀಟಾಗಿ ಒತ್ತಿದ.