ಎದುರುಮನೆ ಮತ್ತೆ ಖಾಲಿ ಇದೆ, ಎಂಜಿನಿಯರ್ ಸಾಹೇಬರೇ

ವಿದ್ಯುತ್ ಕಚೇರಿಯ ಎಂಜಿನಿಯರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಹೊಸ ಬೀದಿಯ ಹೊಸ ಮನೆಯಲ್ಲಿ ತಾವು ಸಕುಟುಂಬರಾಗಿ ಕ್ಷೇಮವೆಂದೂ, ಫ್ಯಾನು ನಿಲ್ಲದೆ ತಿರುಗುತ್ತಿದೆಯೆಂದೂ, ಫ್ರಿಜ್ಜಿನಲ್ಲಿಟ್ಟ ಹಾಲು ಕೆಟ್ಟಿಲ್ಲವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಾವು ಎರಡು ವರ್ಷ ಬಾಡಿಗೆಗಿದ್ದ ಮನೆಯ ಎದುರಿನ ಕಟ್ಟಡದ ಮೂರನೆಯ ಮಹಡಿ ನಮ್ಮದು. ತಾವು ಬನಿಯನ್ ತೊಟ್ಟು ಕುಂಡಗಳಿಗೆ ನೀರು ಹಾಕುವುದನ್ನು ದಿನವೂ ಕಿಟಕಿಯಿಂದ ಕಾಣುತ್ತಿದ್ದರೂ ಒಂದು ನಮಸ್ಕಾರ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಸಾಹಿತ್ಯ ಓದಿದವಳು ನಾನೊಬ್ಬಳೇ ಆದ್ದರಿಂದ ಈಗ ಎಲ್ಲರ ಪರವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ವಿಷಯ ಇಷ್ಟೇ. ನಮ್ಮ ಅಜ್ಜಿಯ ಉಸಿರಾಟಕ್ಕೆ ಆಕ್ಸಿಜನ್ ಕೊಡುವ ಯಂತ್ರವೊಂದಿದೆ. ಅದಕ್ಕೆ ಕರೆಂಟು ಬೇಕು. ಕರೆಂಟು ಹೋದರೆ ಅಪ್ಪ ಓಡಿಬಂದು ಮಂಚದ ಪಕ್ಕದ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಿಸುತ್ತಾರೆ. ಅದು ಮುಗಿಯುವುದರೊಳಗೆ ಕರೆಂಟು ಬರಬೇಕು. ಹೋದ ವಾರ ಬರಲಿಲ್ಲ. ಅಮ್ಮ ವಿದ್ಯುತ್ ಕಚೇರಿಗೆ ಫೋನ್ ಮಾಡಿದಾಗ ಆ ಕಡೆಯವರು ಬಹಳ ನಯವಾಗಿ, “ಲೈನ್ ಕೆಲಸ ನಡೀತಿದೆ ಅಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರು. ಅಜ್ಜಿ ಕಚೇರಿಯ ಮಾತು ಮೀರುವವರಲ್ಲ. ತುಟಿ ನೀಲಿಯಾಗುವವರೆಗೂ ಅಡ್ಜಸ್ಟ್ ಮಾಡಿಕೊಂಡರು. ಚಿಕ್ಕಪ್ಪ ಎಲ್ಲಿಂದಲೋ ಇನ್ನೊಂದು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದದ್ದರಿಂದ, ಈ ಪತ್ರದಲ್ಲಿ ಅಜ್ಜಿಯ ವಿಷಯವನ್ನು ವರ್ತಮಾನಕಾಲದಲ್ಲಿ ಬರೆಯುವುದು ಸಾಧ್ಯವಾಗಿದೆ.

ಹೀಗಾಗಿ ಮನೆಗೊಂದು ಬದಲಿ ವಿದ್ಯುತ್ ವ್ಯವಸ್ಥೆ ಮಾಡಿಕೊಳ್ಳಲು ನಾವೆಲ್ಲ ಹೊರಟೆವು. ಮೊದಲು ಜನರೇಟರ್ ನೋಡಿದೆವು. ಅದನ್ನು ಇಡಲು ನಮಗಿರುವ ಜಾಗ ಅಜ್ಜಿಯ ಕಿಟಕಿಯ ಹೊರಗಿನ ಬಾಲ್ಕನಿ ಒಂದೇ. ಅಜ್ಜಿಗೆ ಉಸಿರು ಕೊಡುವ ಯಂತ್ರವನ್ನು ಓಡಿಸಲು ಅಜ್ಜಿಗೇ ಹೊಗೆ ಹಾಕಬೇಕಾಗುವುದೆಂದು ತಿಳಿದು ಕೈಬಿಟ್ಟೆವು. ಸೋಲಾರ್ ವಿಚಾರಿಸಲು ತಾರಸಿಗೆ ಹೋದರೆ, ಅಲ್ಲಿ ಮನೆ ಮಾಲೀಕರ ನೀರಿನ ಟ್ಯಾಂಕುಗಳೂ ಅವುಗಳ ಮೇಲೆ ಪಕ್ಕದ ದೊಡ್ಡ ಕಟ್ಟಡದ ನೆರಳೂ ಬಹಳ ಕಾಲದಿಂದ ಸುಖವಾಗಿ ವಾಸವಾಗಿದ್ದವು. ಇನ್ವರ್ಟರ್ ಅಂಗಡಿಯಾತ ಮಾತ್ರ ನಿಜ ಹೇಳಿದ: “ಫ್ಯಾನು, ಲೈಟಿಗೆ ಬಿಡಿ ಅಕ್ಕಾ, ರಾಜನ ಹಾಗೆ ಓಡುತ್ತೆ. ಈ ಮಿಷನ್ ಹಾಕಿದ್ರೆ ಎರಡು ಗಂಟೆಗೆ ಕೈ ಎತ್ತಿಬಿಡುತ್ತೆ. ಮತ್ತೆ ಚಾರ್ಜ್ ಆಗೋಕಾದ್ರೂ ಕರೆಂಟ್ ಬೇಕಲ್ವಾ?”

ಆಗ ಅಜ್ಜಿಯೇ ಒಂದು ಪ್ರಶ್ನೆ ಎತ್ತಿದರು: “ಎದುರುಮನೆಯವನು ಇದ್ದಾಗ ಒಂದು ದಿನಾನೂ ಕರೆಂಟು ಹೋಗಿದ್ದಿಲ್ಲ. ಖಾಲಿ ಮಾಡ್ಕೊಂಡು ಹೋಗೋವಾಗ ಆ ಪುಣ್ಯಾತ್ಮ ಕರೆಂಟನ್ನೂ ಮೂಟೆ ಕಟ್ಟಿದ್ನಾ?” ನಾವು ನಕ್ಕೆವು. ಆಮೇಲೆ ಯೋಚಿಸಿದೆವು. ತಮ್ಮ ಸಾಮಾನಿನ ಲಾರಿ ಬೀದಿ ದಾಟಿದ ಸಂಜೆಯೇ ಮೊದಲ ಬಾರಿ ಕರೆಂಟು ಹೋದದ್ದು ಎಲ್ಲರಿಗೂ ನೆನಪಾಯಿತು. ಮರುದಿನ ಚಿಕ್ಕಪ್ಪ ಕಂಬದ ಮೇಲಿದ್ದ ಲೈನ್‌ಮನ್ನನ್ನು ಕೇಳಿಯೇಬಿಟ್ಟರು. ಆತ ಮೇಲಿನಿಂದಲೇ, “ಹಂಗೇನಿಲ್ಲ ಸಾರ್, ಯಾರೂ ಆರ್ಡರ್ ಮಾಡಿಲ್ಲ. ಆದ್ರೆ ಸಾಹೇಬ್ರು ಇರೋ ಬೀದಿ ಕರೆಂಟ್ ತೆಗೆಯೋಕಾಗುತ್ತಾ? ನಮಗೂ ಹೆಂಡ್ತಿ ಮಕ್ಕಳಿದಾರಲ್ವಾ?” ಎಂದನಂತೆ.

ಮಾನ್ಯರೇ, ಹುಡುಕಾಟ ಅಲ್ಲಿಗೆ ಮುಗಿಯಿತು. ತಮ್ಮಷ್ಟು ಉತ್ತಮವಾದ ಬದಲಿ ವ್ಯವಸ್ಥೆ ಮಾರುಕಟ್ಟೆಯಲ್ಲಿಲ್ಲ. ತಾವು ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ, ಮೋಡ ಕವಿದರೆ ಸೊರಗುವುದಿಲ್ಲ. ಬ್ಯಾಟರಿಗೆ ನೀರು ತುಂಬುವುದನ್ನು ನಾವು ನೆನಪಿಡಬೇಕು. ತಾವಾದರೋ ಸ್ವತಃ ಬಂದು ಕುಂಡಗಳಿಗೆ ನೀರು ಹಾಕುತ್ತೀರಿ. ತಾವೊಬ್ಬರು ಸುಮ್ಮನೆ ಮನೆಯೊಳಗೆ ಕುಳಿತು ಪೇಪರ್ ಓದುತ್ತಿದ್ದರೆ ಸಾಕು, ಇಡೀ ಬೀದಿ ಬೆಳಗುತ್ತದೆ. ಇಷ್ಟು ಶಕ್ತಿಯನ್ನು ಎರಡು ವರ್ಷ ಎದುರಿಗೇ ಇಟ್ಟುಕೊಂಡೂ ಗುರುತಿಸದೆ ಹೋದ ನಮ್ಮ ದಡ್ಡತನವನ್ನು ತಾವು ಮನ್ನಿಸಬೇಕು.

ಆದಕಾರಣ ದಯಮಾಡಿ ಮರಳಿ ಬನ್ನಿ. ಎದುರುಮನೆ ಖಾಲಿಯಿದೆ; ಅಮ್ಮ ಗುಡಿಸಿ ಒರೆಸಿ ಇಟ್ಟಿದ್ದಾರೆ. ತಮಗೆ ಬಿಡುವಿಲ್ಲದಿದ್ದರೆ ಮನೆಯವರಲ್ಲಿ ಯಾರಾದರೊಬ್ಬರು, ಬೇಕಿದ್ದರೆ ಕೆಲಸಕ್ಕೆ ಬಾರದ ಭಾವಮೈದುನರಾದರೂ ಆದೀತು, ಬಂದು ಇದ್ದರೆ ಸಾಕು. ಅದೂ ಆಗದಿದ್ದರೆ ತಮ್ಮ ಹಳೆಯ ಬನಿಯನ್ ಒಂದನ್ನು ಕಳುಹಿಸಿಕೊಡಿ. ದಿನವೂ ಒದ್ದೆ ಮಾಡಿ ಎದುರುಮನೆಯ ಹಗ್ಗದ ಮೇಲೆ ಹರವುತ್ತೇವೆ. ಲೈನ್‌ಮನ್ ಕಂಬ ಹತ್ತುವ ಮೊದಲು ಒಮ್ಮೆ ಅತ್ತ ನೋಡುತ್ತಾನೆಂಬ ಭರವಸೆ ನಮಗಿದೆ.

ಇವುಗಳಲ್ಲಿ ಯಾವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲವೆಂದು ತಮ್ಮ ಕಚೇರಿ ಹೇಳಬಹುದು. ಹಾಗಾದರೆ, ಕರೆಂಟು ನಮ್ಮಲ್ಲಿಗೆ ಬರಲಾಗದಿದ್ದಲ್ಲಿ ಅಜ್ಜಿಯೇ ಕರೆಂಟಿದ್ದಲ್ಲಿಗೆ ಬರುವುದು ನ್ಯಾಯವೆಂದು ಮನೆಯಲ್ಲಿ ಒಮ್ಮತವಾಗಿದೆ. ತಮ್ಮ ಹಜಾರದ ಒಂದು ಮೂಲೆ, ಒಂದು ಪ್ಲಗ್ಗು ಸಾಕು. ಅವರದು ಕಡಿಮೆ ಊಟ, ಮಾತು ಸ್ವಲ್ಪ ಹೆಚ್ಚು.

ತಮ್ಮ ಬೆಳಕಿನಲ್ಲಿ ಎರಡು ವರ್ಷ ಓದಿ ಪಾಸಾದ,
ತಮ್ಮ ವಿಶ್ವಾಸಿ,
ತಮ್ಮ ಹಳೆಯ ಮನೆಯ ಎದುರಿನ ಮೂರನೆಯ ಮಹಡಿಯವಳು

ಮರೆತ ಮಾತು: ಇದನ್ನು ಬರೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಸಿಲಿಂಡರ್ ಅರ್ಧವಿದೆ. ಅಪ್ಪ, ಚಿಕ್ಕಪ್ಪ ಅಜ್ಜಿಯನ್ನು ಕುರ್ಚಿಯ ಸಮೇತ ಕೆಳಗಿಳಿಸುತ್ತಿದ್ದಾರೆ, ಆಟೋ ಬಂದು ನಿಂತಿದೆ. ಆದ್ದರಿಂದ ಈ ಪತ್ರವನ್ನು ಅಂಚೆಗೆ ಹಾಕದೆ ಕೈಯಲ್ಲೇ ತರುತ್ತಿದ್ದೇನೆ. ತಮ್ಮ ಬೀದಿಯಲ್ಲಿ ಕರೆಗಂಟೆಗಳು ಸದಾ ಕೆಲಸ ಮಾಡುತ್ತವೆಂದು ಕೇಳಿದ್ದೇವೆ. ಬಾಗಿಲು ತೆರೆಯಲು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕಾಗಿ ವಿನಂತಿ.